ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆ: ಇದಕ್ಕೆ ‘ವೆಂಟ್’ ಸರಿಯೋ, ‘ಹ್ಯಾಡ್ ಗಾನ್’ ಸರಿಯೋ?

ಇಂಗ್ಲಿಷ್ ಕಲಿಯುವವರ ಗುಂಪಿನ ಈ ವಾರದ ಪ್ರಶ್ನೋತ್ತರ. ಉತ್ತರ ಕೊಡುವವರು ವಿಜಯಪುರದಲ್ಲಿ ಇಂಗ್ಲಿಷ್ ಕಲಿಸುವ ಮೇಡಂ. ಓದಿದರೆ ಅರ್ಥವಾಗುತ್ತದೆ, ಆದರೆ ಮಾತಾಡುವಾಗ ಟೆನ್ಸ್ ಕೈಕೊಡುತ್ತದೆ ಎನ್ನುವವರಿಗಾಗಿ ಇದು.

ಪ್ರಶ್ನೆ (ನವನಗರ, ಬಾಗಲಕೋಟೆ): ಮೇಡಂ, ನಮಸ್ಕಾರ. ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. 12 ಟೆನ್ಸ್‌ಗಳ ಟೇಬಲ್ ಬಾಯಿಪಾಠ ಆಗಿದೆ. ಬಿಟ್ಟ ಸ್ಥಳ ತುಂಬಿ ಅಂದ್ರೆ ತುಂಬುತ್ತೇನೆ. ಮಾತಿಗೆ ನಿಂತರೆ ಎಲ್ಲಾ ಕಲಸುಮೇಲೋಗರ. ಗೆಳೆಯನಿಗೆ ‘ಐ ಹ್ಯಾಡ್ ಗಾನ್ ಟು ಹುಬ್ಬಳ್ಳಿ ಯೆಸ್ಟರ್ಡೇ’ ಅಂದೆ. ಅವನು ತಪ್ಪು ಅಂದ. ಯಾಕೆ ತಪ್ಪು ಅಂತ ಅವನಿಗೂ ಗೊತ್ತಿಲ್ಲ!

ಉತ್ತರ: ತಮ್ಮಾ, ಗೆಳೆಯ ಹೇಳಿದ್ದು ಸರಿ. ‘ಐ ವೆಂಟ್ ಟು ಹುಬ್ಬಳ್ಳಿ ಯೆಸ್ಟರ್ಡೇ’ ಅಂದ್ರೆ ಮುಗಿಯಿತು. ನಮ್ಮ ಭಾಗದಲ್ಲಿ ನಾನು ಅತಿ ಜಾಸ್ತಿ ತಿದ್ದುವ ತಪ್ಪು ಇದೇ. ಕಾರಣವೂ ಸುಲಭ. ನಾವು ಕನ್ನಡದಲ್ಲಿ ‘ನಿನ್ನೆ ಹೋಗಿದ್ದೆ’ ಅನ್ನುತ್ತೇವೆ. ಆ ‘ಇದ್ದೆ’ ತಲೆಯಲ್ಲಿ ಕೂತು ‘ಹ್ಯಾಡ್’ ಅನ್ನು ಎಳೆದು ತರುತ್ತದೆ. ಕನ್ನಡದಲ್ಲಿ ‘ಹೋಗಿದ್ದೆ’ ಅಂದ್ರೆ ಹೋಗಿ ವಾಪಸ್ ಬಂದೆ ಅಂತಲೂ ಆಗುತ್ತದೆ. ಇಂಗ್ಲಿಷ್‌ನಲ್ಲಿ ‘ಹ್ಯಾಡ್ ಗಾನ್’ ಅಂದ ಕೂಡಲೇ ಕೇಳುವವರು ಇನ್ನೊಂದು ಘಟನೆಗೆ ಕಾಯುತ್ತಾರೆ. ಹೋಗಿದ್ದೆ, ಆಮೇಲೆ? ಆಗ ಏನಾಯಿತು? ನೀವು ಅಲ್ಲಿಗೇ ನಿಲ್ಲಿಸಿದರೆ ಅವರಿಗೆ ಮಾತು ಅರ್ಧಕ್ಕೇ ನಿಂತಂತೆ ಅನಿಸುತ್ತದೆ.

‘ಹ್ಯಾಡ್’ ಬೇಕಾಗುವುದು ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಅಂತ ತೋರಿಸುವಾಗ. ‘ವೆನ್ ಮೈ ಅಂಕಲ್ ಕೇಮ್, ಐ ಹ್ಯಾಡ್ ಗಾನ್ ಟು ಹುಬ್ಬಳ್ಳಿ.’ ಕಾಕಾ ಬಂದಾಗ ನಾನು ಮನೆಯಲ್ಲಿರಲಿಲ್ಲ, ಆಗಲೇ ಹೊರಟಿದ್ದೆ. ಇಲ್ಲಿ ‘ಹ್ಯಾಡ್’ ತೆಗೆದು ‘ವೆಂಟ್’ ಹಾಕಿದರೆ ಕಾಕಾ ಬಂದರು, ಅದಕ್ಕೇ ನಾನು ಎದ್ದು ಹೋದೆ ಅನ್ನುವ ಹಾಗೆ ಕೇಳಿಸುತ್ತದೆ. ಕಾಕಾ ಬೇಜಾರು ಮಾಡಿಕೊಳ್ಳಬಹುದು ನೋಡಿ.

ಟೇಬಲ್ ಬಾಯಿಪಾಠ ಮಾಡಿದ್ದು ವ್ಯರ್ಥ ಅಂತ ನಾನು ಹೇಳುವುದಿಲ್ಲ, ಪರೀಕ್ಷೆಗೆ ಬೇಕು. ಆದರೆ ಮಾತಿಗೆ ಆ 12ರಲ್ಲಿ ಅರ್ಧದಷ್ಟು ಸಾಕು. ‘ವಿಲ್ ಹ್ಯಾವ್ ಬೀನ್ ವರ್ಕಿಂಗ್’ ಅನ್ನುವುದನ್ನು ನಾನೇ ಎಲ್ಲಿ ಕೊನೆಗೆ ಬಳಸಿದೆ ಅಂತ ನೆನಪಿಲ್ಲ.

ಅವರೇ ಮತ್ತೆ: ಹಾಗಾದ್ರೆ ‘ಸಿನ್ಸ್’, ‘ಫಾರ್’ ಕೂಡ ಹೀಗೇನಾ? ‘ವಿ ಆರ್ ಲಿವಿಂಗ್ ಇನ್ ನವನಗರ ಸಿನ್ಸ್ ಟ್ವೆಂಟಿ ಇಯರ್ಸ್’ ಅಂತ ಬರೆದಿದ್ದೆ, ಕೆಂಪು ಗೆರೆ ಬಂತು.

ಉತ್ತರ: ಒಂದೇ ವಾಕ್ಯದಲ್ಲಿ ಎರಡು ಕಡೆ ಎಡವಿದ್ದೀರಿ. ನಮಗೆ ‘ಇಪ್ಪತ್ತು ವರ್ಷದಿಂದ’ ಅಂದ್ರೂ ‘ದಿಂದ’, ‘2005ರಿಂದ’ ಅಂದ್ರೂ ‘ರಿಂದ’. ಇಂಗ್ಲಿಷ್‌ನಲ್ಲಿ ಅವಧಿಗೆ ‘ಫಾರ್’, ಶುರುವಾದ ಹೊತ್ತಿಗೆ ‘ಸಿನ್ಸ್’. ಇನ್ನೊಂದು: ಆಗ ಶುರುವಾಗಿ ಈಗಲೂ ನಡೆದಿರುವ ಕೆಲಸಕ್ಕೆ ‘ಆಮ್, ಆರ್’ ಸಾಲದು, ‘ಹ್ಯಾವ್’ ಬೇಕು. ‘ವಿ ಹ್ಯಾವ್ ಬೀನ್ ಲಿವಿಂಗ್ ಇನ್ ನವನಗರ ಫಾರ್ ಟ್ವೆಂಟಿ ಇಯರ್ಸ್.’ ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟು ಬಂದವರು ನಿಮ್ಮ ಓಣಿಯಲ್ಲೇ ಇರುತ್ತಾರೆ, ಅಲ್ವಾ? ಅವರ ಕಥೆಯನ್ನೇ ಬರೆಯಿರಿ. ಯಾವಾಗ ಮನೆ ಬಿಟ್ಟರು ಅನ್ನುವುದಕ್ಕೆ ‘ಮೂವ್ಡ್ ಔಟ್’, ಆವತ್ತಿನಿಂದ ಎಲ್ಲಿದ್ದಾರೆ ಅನ್ನುವುದಕ್ಕೆ ‘ಹ್ಯಾವ್ ಲಿವ್ಡ್’. ಟೆನ್ಸ್ ತಾನಾಗಿ ಬೇರೆಬೇರೆ ಆಗುತ್ತದೆ.

ಪ್ರಶ್ನೆ (ವಿಜಯಪುರ, ಆಟೋ ಓಡಿಸುತ್ತೇನೆ): ಮೇಡಂರೀ, ಹೊರಗಿನ ಟೂರಿಸ್ಟ್‌ಗಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ಅಷ್ಟಿಷ್ಟು ಇತಿಹಾಸ ಹೇಳುತ್ತೇನೆ. ‘ಮೊಹಮ್ಮದ್ ಆದಿಲ್ ಶಾ ಹ್ಯಾಸ್ ಬಿಲ್ಟ್ ಗೋಳಗುಮ್ಮಟ’ ಅಂತ ಹೇಳುತ್ತಾ ಬಂದಿದ್ದೇನೆ. ಸರಿಯೇನ್ರೀ?

ಉತ್ತರ: ಅಣ್ಣಾರೇ, ನಿಮ್ಮ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಊರಿನ ಇತಿಹಾಸಕ್ಕಿಂತ ಒಳ್ಳೆ ಟೆನ್ಸ್ ಪಾಠ ಇನ್ನೊಂದಿಲ್ಲ.

‘ಹ್ಯಾಸ್ ಬಿಲ್ಟ್’ ಬೇಡ, ‘ಬಿಲ್ಟ್’ ಅನ್ನಿ. ಸುಲ್ತಾನ ತೀರಿಕೊಂಡು ಮೂರೂವರೆ ಶತಮಾನದ ಮೇಲಾಯಿತು, ಆ ಕಾಲ ಮುಚ್ಚಿದ ಬಾಗಿಲು. ಮುಚ್ಚಿದ ಕಾಲಕ್ಕೆ ‘ಹ್ಯಾಸ್’, ‘ಹ್ಯಾವ್’ ಹಚ್ಚಬಾರದು. ಇಸವಿ ಹೇಳಿದರಂತೂ ಹಚ್ಚಲೇಬಾರದು: ‘ಇಟ್ ವಾಸ್ ಕಂಪ್ಲೀಟೆಡ್ ಇನ್ 1656.’ ಆದರೆ ಗುಮ್ಮಟ ಇನ್ನೂ ನಿಂತಿದೆ. ಅದಕ್ಕೆ ‘ಇಟ್ ಹ್ಯಾಸ್ ಸ್ಟುಡ್ ಹಿಯರ್ ಫಾರ್ ಮೋರ್ ದ್ಯಾನ್ ತ್ರೀ ಹಂಡ್ರೆಡ್ ಇಯರ್ಸ್.’ ಇಲ್ಲಿ ‘ಹ್ಯಾಸ್’ ಸರಿ, ಯಾಕಂದ್ರೆ ನಿಲ್ಲುವುದು ಇವತ್ತಿಗೂ ಮುಗಿದಿಲ್ಲ. ಟೂರಿಸ್ಟ್‌ಗೆ ಕೇಳುವ ಪ್ರಶ್ನೆಯೂ ಇದೇ ಸಾಲಿನದು: ‘ಹ್ಯಾವ್ ಯು ಸೀನ್ ಇಬ್ರಾಹಿಂ ರೋಜಾ?’ ಯಾವಾಗ ಅಂತ ಕೇಳುತ್ತಿಲ್ಲ, ಇಲ್ಲಿಯವರೆಗೆ ನೋಡಿದ್ದೀರಾ ಅಂತ ಕೇಳುತ್ತಿದ್ದೀರಿ. ಅವರು ಹೌದು ಅಂದ್ರೆ ಮುಂದಿನ ಪ್ರಶ್ನೆ ‘ವೆನ್ ಡಿಡ್ ಯು ಸೀ ಇಟ್?’ ಅಲ್ಲಿ ‘ಹ್ಯಾವ್’ ಹೋಯಿತು.

ಅವರು ಬಾದಾಮಿಗೂ ಹೋಗುವವರಾದರೆ ಇನ್ನೊಂದು ವಾಕ್ಯ ಕೊಡುತ್ತೇನೆ. ಅಲ್ಲಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದ್ದು. ಲೆಕ್ಕ ಹಾಕಿ: ‘ವೆನ್ ಗೋಳಗುಮ್ಮಟ ವಾಸ್ ಬಿಲ್ಟ್, ದ ಬಾದಾಮಿ ಕೇವ್ ಹ್ಯಾಡ್ ಸ್ಟುಡ್ ಫಾರ್ ಎ ಥೌಸಂಡ್ ಇಯರ್ಸ್.’ ಮೇಲೆ ತಮ್ಮ ಕೇಳಿದ್ದ ‘ಹ್ಯಾಡ್’ ಇದ್ದಿದ್ದೇ ಇಂಥ ಕಡೆಗೆ.

ಗೋಳಗುಮ್ಮಟದ ಮೇಲೆ ಪಿಸುಮಾತಿನ ಗ್ಯಾಲರಿಗೆ ಹತ್ತಿದಾಗ ಮಾತ್ರ ಇಂಗ್ಲಿಷ್ ಬಿಟ್ಟು ಸುಮ್ನೆ ಚಪ್ಪಾಳೆ ತಟ್ಟಿ ತೋರಿಸಿ.

ಪ್ರಶ್ನೆ (ಚಿಕ್ಕೋಡಿ): ಗ್ರಾಮರ್ ಬೇಡವೇ ಬೇಡ, ಧೈರ್ಯವಾಗಿ ಮಾತಾಡಿದರೆ ಸಾಕು ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ಲ?

ಉತ್ತರ: ಶುರುವಿನಲ್ಲಿ ನಿಜ. ನಡುವಿನ ಹಂತಕ್ಕೆ ಬಂದವರಿಗೆ ಸುಳ್ಳು. ಧೈರ್ಯದಿಂದ ತಪ್ಪನ್ನೇ ಹೇಳುತ್ತಾ ಹೋದರೆ ತಪ್ಪೇ ಗಟ್ಟಿಯಾಗುತ್ತದೆ.

ಪ್ರಶ್ನೆ (ಬೆಳಗಾವಿ, ಸ್ಟಾಫ್ ನರ್ಸ್): ಮೇಡಂ, ವಿದೇಶದ ಕೆಲಸಕ್ಕೆ ಒಇಟಿ (ನರ್ಸ್, ಡಾಕ್ಟರ್‌ ಮುಂತಾದವರಿಗಿರುವ ಇಂಗ್ಲಿಷ್ ಪರೀಕ್ಷೆ) ಬರೆಯಬೇಕು. ನನ್ನ ಸಮಸ್ಯೆ ಫ್ರೇಸಲ್ ವರ್ಬ್, ಅಂದ್ರೆ ‘ಅಪ್’, ‘ಆಫ್’ ಥರದ ತುಣುಕು ಸೇರಿ ಅರ್ಥ ಬದಲಾಗುವ ಕ್ರಿಯಾಪದ. ‘ಗೆಟ್’ ಒಂದಕ್ಕೇ ಉದ್ದದ ಪಟ್ಟಿ ಇದೆ. ರಾತ್ರಿ ಓದಿದ್ದು ಬೆಳಿಗ್ಗೆ ನೆನಪಿರಲ್ಲ. ಮೊನ್ನೆ ಆನ್‌ಲೈನ್ ಸಂದರ್ಶನದಲ್ಲಿ ‘ಐ ಪಾಸ್ಡ್ ಔಟ್ ಇನ್ 2021’ ಅಂದಾಗ ಅವರು ನಕ್ಕುಬಿಟ್ಟರು.

ಉತ್ತರ: ಸಿಸ್ಟರ್, ಅವರು ನಕ್ಕಿದ್ದಕ್ಕೆ ಬೇಜಾರು ಬೇಡ. ನಮ್ಮ ದೇಶದಲ್ಲಿ ಕಾಲೇಜು ಮುಗಿಸುವುದಕ್ಕೆ ಎಲ್ಲರೂ ‘ಪಾಸ್ಡ್ ಔಟ್’ ಅನ್ನುತ್ತಾರೆ. ಹೊರಗೆ ಹೆಚ್ಚಿನವರಿಗೆ ಅದು ಪ್ರಜ್ಞೆ ತಪ್ಪಿ ಬಿದ್ದೆ ಅಂತ ಕೇಳಿಸುತ್ತದೆ. ‘ಐ ಗ್ರ್ಯಾಜುಯೇಟೆಡ್ ಇನ್ 2021’ ಅನ್ನಿ.

ಪಟ್ಟಿಯನ್ನು ಮಡಚಿ ಇಡಿ. ‘ಗೆಟ್’ ಜೊತೆ ಬರುವುದೆಲ್ಲ ಒಂದೇ ದಿನ ಓದಿದರೆ ಒಂದಕ್ಕೊಂದು ಗಂಟು ಬೀಳುತ್ತದೆ, ಅದು ನಿಮ್ಮ ನೆನಪಿನ ಶಕ್ತಿಯ ತಪ್ಪಲ್ಲ. ಕ್ರಿಯಾಪದದ ಪ್ರಕಾರ ಬೇಡ, ಜಾಗದ ಪ್ರಕಾರ ಕಲಿಯಿರಿ. ನಿಮ್ಮ ವಾರ್ಡ್ ತಗೊಳ್ಳಿ. ರೋಗಿ ಪ್ರಜ್ಞೆ ತಪ್ಪಿದರೆ ‘ಪಾಸ್ ಔಟ್’, ಎಚ್ಚರವಾದರೆ ‘ಕಮ್ ರೌಂಡ್’. ವಾಂತಿ ‘ಥ್ರೋ ಅಪ್’. ಬಾವು ಇಳಿದರೆ ‘ಗೋ ಡೌನ್’, ನಾವು ಔಷಧಿ ಕೊಟ್ಟು ಜ್ವರ ಇಳಿಸಿದರೆ ‘ಬ್ರಿಂಗ್ ಡೌನ್’. ಅರಿವಳಿಕೆಯ ಪ್ರಭಾವ ಮೆಲ್ಲಗೆ ಕಡಿಮೆಯಾಗುವುದಕ್ಕೆ ‘ವೇರ್ ಆಫ್’. ಆಪರೇಷನ್ ಮುಂದೆ ಹಾಕಿದರೆ ‘ಪುಟ್ ಆಫ್’, ಸಂಬಂಧಿಕರಿಗೆ ಹಾಗೆ ಹೇಳಬಹುದು. ಕೇಸ್ ಶೀಟ್‌ನಲ್ಲಿ ಬರೆಯುವಾಗ ‘ಪೋಸ್ಟ್‌ಪೋನ್ಡ್’. ರೋಗಿಗಳು ಆಡುಮಾತಿನಲ್ಲೇ ಹೇಳುತ್ತಾರೆ, ನಿಮಗೆ ಅದು ಅರ್ಥವಾಗಬೇಕು. ಪರೀಕ್ಷೆಯ ಪತ್ರದಲ್ಲಿ ನೀವು ಬರೆಯುವುದು ಬೇರೆ ಧಾಟಿ.

ನಮಗೆ ಇದು ತೀರಾ ಹೊಸದೇನೂ ಅಲ್ಲ. ‘ತಿಂದ’ ಬೇರೆ, ‘ತಿಂದುಹಾಕಿದ’ ಬೇರೆ; ‘ಬಿದ್ದ’ ಬೇರೆ, ‘ಬಿದ್ದುಬಿಟ್ಟ’ ಬೇರೆ. ಪಕ್ಕದಲ್ಲಿ ಇನ್ನೊಂದು ತುಣುಕು ಬಂದು ಅರ್ಥ ಬದಲಾಗುವುದನ್ನು ದಿನವೂ ಮಾಡುತ್ತೇವೆ.

ಜಾಸ್ತಿ ಜನ ಬೀಳುವ ಗುಂಡಿ ಪದಗಳ ಜಾಗದ್ದು. ‘ಟರ್ನ್ ಆಫ್ ದ ಫ್ಯಾನ್’, ‘ಟರ್ನ್ ದ ಫ್ಯಾನ್ ಆಫ್’ ಎರಡೂ ನಡೆಯುತ್ತವೆ. ಫ್ಯಾನ್ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್.’ ‘ಟರ್ನ್ ಆಫ್ ಇಟ್’ ಅನ್ನುವಂತಿಲ್ಲ. ಆದರೆ ‘ಲುಕ್ ಆಫ್ಟರ್’, ‘ಲುಕ್ ಫಾರ್’ ಅಂಥವು ಬಿಡಿಸಿಕೊಳ್ಳುವುದೇ ಇಲ್ಲ, ನಡುವೆ ಯಾರನ್ನೂ ಬಿಡುವುದಿಲ್ಲ. ಇದಕ್ಕೆ ಸೂತ್ರ ಹುಡುಕಬೇಡಿ. ವಾಕ್ಯವನ್ನು ‘ಇಟ್’ ಅಥವಾ ‘ಹಿಮ್’ ಸಮೇತ ಬಾಯಿಗೆ ಹತ್ತಿಸಿಕೊಳ್ಳಿ. ಹಾಂ, ‘ಕೋಪ್ ಅಪ್ ವಿತ್’ ಅನ್ನುವ ಚಟವಿದ್ದರೆ ಬಿಡಿ. ‘ಕೋಪ್ ವಿತ್’ ಅಷ್ಟೇ.

ಅಭ್ಯಾಸ ಹೀಗಿರಲಿ. ಡ್ಯೂಟಿ ಮುಗಿದ ಮೇಲೆ ಮುಂದಿನ ಶಿಫ್ಟಿನವರಿಗೆ ಹ್ಯಾಂಡೋವರ್ ಕೊಡುತ್ತೀರಲ್ಲ, ಅದನ್ನೇ ಮನೆಗೆ ಬಂದು ಫೋನಿಗೆ ಇಂಗ್ಲಿಷ್‌ನಲ್ಲಿ ಹೇಳಿ ರೆಕಾರ್ಡ್ ಮಾಡಿ. ನಾಲ್ಕೇ ವಾಕ್ಯ. ಆಗ ಏನಾಯಿತು, ಅದಕ್ಕೂ ಮೊದಲು ಏನಾಗಿತ್ತು, ಆವಾಗಿನಿಂದ ಏನು ನಡೆದಿದೆ. ರೋಗಿಯ ಹೆಸರು ಬೇಡ. ಆಮೇಲೆ ಕೇಳಿಸಿಕೊಂಡು ಬರೆದು ಇಲ್ಲಿ ಹಾಕಿ, ತಿದ್ದುತ್ತೇನೆ.

ಅವರೇ ಮತ್ತೆ: ಬರೆದಿದ್ದೇನೆ ಮೇಡಂ. ‘ಎ ಪೇಷಂಟ್ ಪಾಸ್ಡ್ ಔಟ್ ಇನ್ ದ ಬಾತ್‌ರೂಮ್ ದಿಸ್ ಮಾರ್ನಿಂಗ್. ಹಿ ಹ್ಯಾಡ್ ನಾಟ್ ಈಟನ್ ಸಿನ್ಸ್ ಲಾಸ್ಟ್ ನೈಟ್. ಹಿ ಕೇಮ್ ರೌಂಡ್ ಇನ್ ಎ ಮಿನಿಟ್. ಸಿನ್ಸ್ ದೆನ್ ಐ ಆಮ್ ಲುಕಿಂಗ್ ಹಿಮ್ ಆಫ್ಟರ್.’

ಉತ್ತರ: ಮೊದಲ ಮೂರಕ್ಕೆ ಕೈ ಹಚ್ಚುವುದಿಲ್ಲ. ಎರಡನೆಯದರಲ್ಲಿ ‘ಹ್ಯಾಡ್’ ತನ್ನ ಜಾಗದಲ್ಲೇ ಇದೆ. ನಾಲ್ಕನೆಯದು ‘ಸಿನ್ಸ್ ದೆನ್ ಐ ಹ್ಯಾವ್ ಬೀನ್ ಲುಕಿಂಗ್ ಆಫ್ಟರ್ ಹಿಮ್’ ಆಗಬೇಕು. ನಾಳೆ ಬೇರೆ ರೋಗಿಯ ಬಗ್ಗೆ ಬರೆದು ಹಾಕಿ, ‘ವೇರ್ ಆಫ್’ ಬರಲೇಬೇಕು.