ಸಹಾಯ ಬೇಕು: ಮಹಿಳಾ ಕಾಲೇಜಿನಲ್ಲಿ ಗೆಳೆತನ, ಡೇಟಿಂಗ್ ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಅಮೆರಿಕದ ಎರಡು ಮಹಿಳಾ ಕಾಲೇಜುಗಳಲ್ಲಿ ಸೀಟು ಸಿಕ್ಕಿದೆ, ಸ್ಮಿತ್ ಮತ್ತು ವೆಲ್ಸ್ಲಿ. ಓದಿನ ಚಿಂತೆಯಿಲ್ಲ. ಹುಡುಗರ ಪರಿಚಯವೇ ಆಗದೆ 4 ವರ್ಷ ಕಳೆದುಹೋದರೆ ಅನ್ನುವುದು ಅವಳ ಅಳುಕು. ನನಗೂ ಅದು ಸಣ್ಣ ವಿಷಯ ಅನ್ನಿಸುತ್ತಿಲ್ಲ.

ವೆಲ್ಸ್ಲಿಯವರು ಹುಡುಗರೂ ಓದುವ ಎಂಐಟಿಯಲ್ಲೂ, ಸ್ಮಿತ್‌ನವರು ಹಾಗೆಯೇ ಹುಡುಗರಿರುವ ಆಮ್ಹರ್ಸ್ಟ್ ಕಾಲೇಜು, ಯುಮಾಸ್ (ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ) ಇವುಗಳಲ್ಲೂ ಕೋರ್ಸ್ ತೆಗೆದುಕೊಳ್ಳಬಹುದು, ಓಡಾಡಲು ಬಸ್ಸೂ ಇದೆ. ಆದರೆ ಒಂದು ಕ್ಲಾಸಿಗೆ ಹೋಗಿಬಂದ ಮಾತ್ರಕ್ಕೆ ಸ್ನೇಹ ಬೆಳೆಯುತ್ತದೆಯೇ? ನಾಟಕ, ಸಂಗೀತದ ತಂಡ ಸೇರುವುದು ವಾಸಿಯೇ? ಅವಳು ಸಂಕೋಚದ ಹುಡುಗಿ, ಪಾರ್ಟಿಯಲ್ಲಿ ತಾನಾಗಿ ಮಾತಿಗಿಳಿಯುವವಳಲ್ಲ. ಡೇಟಿಂಗ್ ಆ್ಯಪ್ ಅವಳಿಗೆ ಬೇಡವೇ ಬೇಡ.

ಅಲ್ಲಿ ಓದಿದ ಅಕ್ಕಂದಿರು ಇದ್ದರೆ ದಯವಿಟ್ಟು ತಿಳಿಸಿ. ತಡರಾತ್ರಿ ಬೇರೆ ಕ್ಯಾಂಪಸ್‌ನಿಂದ ಹೇಗೆ ಮರಳುತ್ತಿದ್ದಿರಿ ಅನ್ನುವುದನ್ನೂ ಹೇಳಿ, ಅಮ್ಮ ಕೇಳುತ್ತಿರುವುದು ಅದನ್ನೇ.