ಹಳೇ ಬೈಕಿನ ವೈರಿಂಗ್: 6 ವೋಲ್ಟಿನಲ್ಲೇ ಇರಲಾ, 12ಕ್ಕೆ ಹೋಗಲಾ?

ಹಳೇಸಿಂಗಲ್:
ಎಲ್ಲರಿಗೂ ನಮಸ್ಕಾರ. ನನ್ನದು 1950ರ ದಶಕದ ಬ್ರಿಟಿಷ್ ಸಿಂಗಲ್ ಸಿಲಿಂಡರ್ ಗಾಡಿ. ಕಿಡಿಗೆ ಮ್ಯಾಗ್ನೆಟೊ, ಲೈಟು ಹಾರ್ನಿಗೆ ಲ್ಯೂಕಸ್ ಇ3ಎಲ್ ಡೈನಮೊ. 6 ವೋಲ್ಟ್, 60 ವ್ಯಾಟ್, ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿದೆ. ಹೆಡ್‌ಲೈಟ್ ಹಾಕಿದರೆ ಅಮ್ಮೀಟರ್ ಮುಳ್ಳು ಮೈನಸ್ ಕಡೆ ವಾಲುತ್ತದೆ (ಬ್ಯಾಟರಿ ಖಾಲಿಯಾಗುತ್ತಿದೆ ಅಂತ), ಗಾಡಿ ಜೋರಾಗಿ ಓಡುತ್ತಿದ್ದರೂ ಈಚೆ ಬರುವುದಿಲ್ಲ. ಬೆಳಕು ಹಳದಿ. ಬಟ್ಟೆ ಸುತ್ತಿದ ಹಳೇ ವೈರುಗಳು ಮುಟ್ಟಿದರೆ ಉದುರುತ್ತವೆ. ಹೇಗಿದ್ದರೂ ಪೂರ್ತಿ ವೈರಿಂಗ್ ಹೊಸದಾಗಿ ಮಾಡಬೇಕು. ಅದರ ಜೊತೆಗೇ 12 ವೋಲ್ಟಿಗೆ ಹೋಗಿಬಿಡಲಾ?

ರಾತ್ರಿಸವಾರ:
ಹೋಗಿ, ಯೋಚನೆ ಬೇಡ. 35 ವ್ಯಾಟ್ ಬಲ್ಬಿಗೆ 6 ವೋಲ್ಟಿನಲ್ಲಿ ಹೆಚ್ಚುಕಮ್ಮಿ 5.8 ಆಂಪಿಯರ್ ಬೇಕು, 12ರಲ್ಲಿ 2.9 ಸಾಕು. ಕರೆಂಟ್ ಅರ್ಧ ಆದರೆ ವೈರಿನಲ್ಲಿ ಬಿಸಿಯಾಗಿ ಹೋಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಡೈನಮೊ ರೀವೈಂಡ್ ಮಾಡಿಸುವುದೂ ಬೇಡ. ಡೈನಮೊದ ವೋಲ್ಟೇಜ್ ಹದದಲ್ಲಿಡುವ ಹಳೇ ರೆಗ್ಯುಲೇಟರ್ ತೆಗೆದು 12 ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿ. ಪಾಸಿಟಿವ್ ಅರ್ತಿಗೆ ಆಗುವಂಥದ್ದೇ ನೋಡಿ ತಗೊಳ್ಳಿ. ಬ್ಯಾಟರಿ, ಬಲ್ಬು, ಹಾರ್ನ್ ಬದಲಿಸಿದರೆ ಮುಗಿಯಿತು.

ತಾಮ್ರತಂತಿ:
ಲೆಕ್ಕ ಸರಿ ಇದೆ ಸರ್, ಆದರೆ ರೋಗ ಯಾವುದು ಅಂತ ನೋಡದೆ ಔಷಧಿ ಬರೆದುಬಿಟ್ಟಿರಿ. 60 ವ್ಯಾಟ್ ಅಂದರೆ 6 ವೋಲ್ಟಿನಲ್ಲಿ 10 ಆಂಪಿಯರ್. ಹೆಡ್‌ಲೈಟ್, ಟೈಲ್ ಲೈಟ್ ಸೇರಿದರೂ 7ರ ಆಸುಪಾಸು. ಮ್ಯಾಗ್ನೆಟೊ ಇರುವುದರಿಂದ ಕಿಡಿಗೆ ಬ್ಯಾಟರಿಯಿಂದ ಏನೂ ಹೋಗುವುದಿಲ್ಲ. ಆದರೂ ಮುಳ್ಳು ಮೈನಸ್‌ನಲ್ಲೇ ನಿಲ್ಲುತ್ತದೆ ಅಂದರೆ ಡೈನಮೊ ಅಥವಾ ರೆಗ್ಯುಲೇಟರ್ ಕೈಕೊಟ್ಟಿದೆ. ಡೈನಮೊನೇ ಹೋಗಿದ್ದರೆ 12ಕ್ಕೆ ಹೋಗಿ ಏನು ಬಂತು?

ಹಳೇಸಿಂಗಲ್ ಅವರೇ, ಡೈನಮೊದ ಡಿ (ಕರೆಂಟು ಹೊರಬರುವುದು) ಮತ್ತು ಎಫ್ (ಫೀಲ್ಡ್ ಕಾಯಿಲಿನದು) ವೈರುಗಳನ್ನು ಬಿಚ್ಚಿ. ಆ ಎರಡು ಟರ್ಮಿನಲ್ಲುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ. ಮಲ್ಟಿಮೀಟರಿನ ಒಂದು ಕಡ್ಡಿ ಅಲ್ಲಿ, ಇನ್ನೊಂದು ಬಾಡಿಗೆ. ಇಂಜಿನ್ ಸ್ಟಾರ್ಟ್ ಮಾಡಿ ನಿಧಾನಕ್ಕೆ ರೇಸ್ ಕೊಡಿ. ವೋಲ್ಟೇಜ್ ಸರಸರ ಏರಬೇಕು. ಜಾಸ್ತಿ ರೇಸ್ ಮಾಡಬೇಡಿ. ರೆಗ್ಯುಲೇಟರ್ ಇಲ್ಲದಾಗ ವೋಲ್ಟೇಜ್ ತಡೆಯುವುದು ಯಾವುದೂ ಇರುವುದಿಲ್ಲ, ಫೀಲ್ಡ್ ಕಾಯಿಲ್ ಸುಟ್ಟುಹೋದೀತು. ಏರದಿದ್ದರೆ ಬ್ರಷ್ ಸವೆದಿರಬಹುದು, ಬ್ರಷ್ ಉಜ್ಜುವ ಕಮ್ಯುಟೇಟರ್ ಮೇಲೆ ಮಸಿ ಕಟ್ಟಿರಬಹುದು.

ಹಳೇಸಿಂಗಲ್:
ಈಗಷ್ಟೇ ನೋಡಿದೆ. ವೋಲ್ಟೇಜ್ ಸಲೀಸಾಗಿ 10 ದಾಟಿತು, ಅಲ್ಲಿಗೇ ನಿಲ್ಲಿಸಿದೆ. ರೆಗ್ಯುಲೇಟರ್ ಮುಚ್ಚಳ ತೆಗೆದರೆ ಡೈನಮೊವನ್ನು ಬ್ಯಾಟರಿಗೆ ಸೇರಿಸುವ ಕಟೌಟ್ ಸ್ವಿಚ್ಚಿನ ಕಾಂಟ್ಯಾಕ್ಟುಗಳು ಸುಟ್ಟು ಕುಳಿ ಬಿದ್ದಿವೆ.

ಮೂಲರೂಪ:
ಹಾಗಾದರೆ ಡೈನಮೊ ಗಟ್ಟಿಯಾಗಿದೆ, ಸಂತೋಷ. ಕಟೌಟ್ ಸರಿಯಾಗಿ ಕೂಡದೆ ಡೈನಮೊ ತಯಾರಿಸಿದ್ದು ಬ್ಯಾಟರಿಗೆ ಮುಟ್ಟುತ್ತಿಲ್ಲ. ದಯವಿಟ್ಟು 6ರಲ್ಲೇ ಉಳಿಸಿ. 6 ವೋಲ್ಟಿಗೂ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಸಿಗುತ್ತದೆ. ಹಳೇ ಡಬ್ಬಿಯ ಒಳಗೇ ಕೂರಿಸಿದರೆ ಹೊರಗೆ ಒಂದು ಚೂರೂ ಕಾಣಿಸುವುದಿಲ್ಲ. ಒಳಗೆ ಹೊಸ ಪಿವಿಸಿ, ಮೇಲೆ ಹತ್ತಿಯ ಹೆಣಿಗೆ ಇರುವ ವೈರೂ ಇದೆ. ಇಷ್ಟು ವರ್ಷ ಉಳಿದು ಬಂದ ಗಾಡಿ, ಅದರ ರೂಪ ಕೆಡಿಸಬಾರದು ಅಲ್ವಾ?

ರಾತ್ರಿಸವಾರ:
ರೂಪ ಕೆಡಿಸಿ ಅಂತ ನಾನು ಹೇಳಿಲ್ಲ. ಹೇಗೂ ರೆಗ್ಯುಲೇಟರ್ ಕೊಳ್ಳಬೇಕು, 12ರದ್ದೂ ಅದೇ ಡಬ್ಬಿಯಲ್ಲಿ ಕೂರುತ್ತದೆ. ಕತ್ತಲೆ ರಸ್ತೆಯಲ್ಲಿ ಗುಂಡಿ ಕಾಣದಿದ್ದರೆ ರೂಪ ಕಟ್ಟಿಕೊಂಡು ಏನು ಮಾಡುವುದು?

ತಾಮ್ರತಂತಿ:
ಒಂದು ಮಾತು ಬಿಟ್ಟಿರಿ. ಅದೇ ಡೈನಮೊ 12 ವೋಲ್ಟ್ ಕೊಡಬೇಕಾದರೆ ಹೆಚ್ಚು ವೇಗವಾಗಿ ತಿರುಗಬೇಕು. ಚಾರ್ಜಿಂಗ್ ಶುರುವಾಗುವುದೇ ತಡ. ದೊಡ್ಡ ರಸ್ತೆಯಲ್ಲಿ ಒಂದೇ ಸಮ ಓಡಿಸುವವರಿಗೆ 12 ಒಳ್ಳೆಯದು. ನಿಂತು ನಿಂತು ಹೋಗುವವರಿಗೆ 6ರಲ್ಲೇ ಬ್ಯಾಟರಿ ಚೆನ್ನಾಗಿ ತುಂಬುತ್ತದೆ. ಮ್ಯಾಗ್ನೆಟೊ ಇಲ್ಲದೆ ಕಾಯಿಲ್ ಇಗ್ನಿಷನ್ (ಬ್ಯಾಟರಿಯಿಂದಲೇ ಕಿಡಿ) ಇರುವವರು ಇದನ್ನು ಓದುತ್ತಿದ್ದರೆ ನೆನಪಿಡಿ, 12ಕ್ಕೆ ಹೋದರೆ ಇಗ್ನಿಷನ್ ಕಾಯಿಲೂ ಬದಲಾಗಬೇಕು.

ಗ್ರೀಸ್‌ಗನ್:
ಇಷ್ಟೆಲ್ಲಾ ಮಾತಾಡಿದಿರಿ, ಹೆಡ್‌ಲೈಟಿನ ಅರ್ತ್ ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳಲಿಲ್ಲ. ಇಂಥ ಬಹಳಷ್ಟು ಗಾಡಿಗಳಲ್ಲಿ ಅದಕ್ಕೆ ಬೇರೆ ವೈರೇ ಇಲ್ಲ. ಕರೆಂಟು ಹೆಡ್‌ಲೈಟ್ ಡೂಮಿನಿಂದ ಫೋರ್ಕಿಗೆ, ಅಲ್ಲಿಂದ ಹ್ಯಾಂಡಲ್ ಬೇರಿಂಗಿನ ಗುಂಡುಗಳ ಮೂಲಕ ಫ್ರೇಮಿಗೆ ಹೋಗಬೇಕು. ಗುಂಡುಗಳ ಸುತ್ತ ಗ್ರೀಸು. ಡೂಮಿಗೆ ಹೊಸ ಪೇಂಟು. ಹ್ಯಾಂಡಲ್ ತಿರುಗಿಸಿದಾಗ ಬೆಳಕು ಮಿಣುಕುತ್ತಿದ್ದರೆ ಕಾರಣ ಇದೇ.

ಇಂಜಿನ್ ಆಫ್ ಇಟ್ಟು ಹೆಡ್‌ಲೈಟ್ ಹಾಕಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಬಲ್ಬ್ ಹೋಲ್ಡರಿನ ಲೋಹಕ್ಕೆ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೆಟ್ಟಿದೆ. ದಾರಿಯಲ್ಲಿ ಬರೀ 0.2 ಓಮ್ ತಡೆ ಇದ್ದರೂ 5.8 ಆಂಪಿಯರಿಗೆ ಸುಮಾರು 1.2 ವೋಲ್ಟ್ ಅಲ್ಲೇ ಹೋಗುತ್ತದೆ. ಬಲ್ಬಿಗೆ ಸಿಗುವುದು 4.8. ಅಷ್ಟಕ್ಕೇ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಹಳೇಸಿಂಗಲ್:
1.1 ವೋಲ್ಟ್ ತೋರಿಸ್ತಿದೆ ಅಣ್ಣಾ! ಹೋಲ್ಡರಿನಿಂದ ಬ್ಯಾಟರಿ ಪ್ಲಸ್‌ಗೆ ಒಂದು ವೈರು ಸುಮ್ನೆ ಹಿಡಿದು ನೋಡಿದೆ, ಬೆಳಕು ಬೆಳ್ಳಗಾಯಿತು.

ಹೊಸಬೆಳಕು:
ಎಲ್‌ಇಡಿ ಹಾಕಿದರೆ ಈ ತಲೆನೋವೇ ಇಲ್ಲವಲ್ಲ?

ಗ್ರೀಸ್‌ಗನ್:
ಟೈಲ್ ಲೈಟಿಗೆ ಹಾಕಲಿ, ನನ್ನ ತಕರಾರಿಲ್ಲ. ಕೆಂಪು ಗಾಜಿಗೆ ಕೆಂಪು ಎಲ್‌ಇಡಿಯೇ ಇರಲಿ. ಪಾಸಿಟಿವ್ ಅರ್ತಿಗೆ ಸೇರುತ್ತದೆಯೇ ಅಂತ ಕೇಳಿ ತಗೊಳ್ಳಿ, ಕೆಲವು ಉಲ್ಟಾ ಕೊಟ್ಟರೆ ಹತ್ತುವುದೇ ಇಲ್ಲ. ಹೆಡ್‌ಲೈಟಿಗೆ ಮಾತ್ರ ಬೇಡ. ಆ ರಿಫ್ಲೆಕ್ಟರ್ ಮಾಡಿದ್ದು ಸಣ್ಣ ಫಿಲಮೆಂಟಿಗೆ. ಎಲ್‌ಇಡಿ ಕೂರಿಸಿದರೆ ಬೆಳಕು ಚೆಲ್ಲಾಪಿಲ್ಲಿ, ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ.

ಹೊಸಬೆಳಕು:
ಫಿಲಮೆಂಟ್ ಇರುವ ಜಾಗಕ್ಕೇ ಚಿಪ್ ಬರುವಂತೆ ಮಾಡಿದವೂ ಇವೆ. ಎಲ್ಲವನ್ನೂ ಒಂದೇ ಸಲ ತಳ್ಳಿಹಾಕಬೇಡಿ.

ಗ್ರೀಸ್‌ಗನ್:
ಇರಲಿ, ಗೋಡೆಗೆ ಬೆಳಕು ಬಿಟ್ಟು ಡಿಪ್ಪಿನ ಅಂಚು ಸರಿಯಾಗಿ ಬೀಳುತ್ತಾ ನೋಡಿ ಹಾಕಲಿ.

ಹಳೇಸಿಂಗಲ್:
ನಾನು ಪೇಟೆಯೊಳಗೇ ಜಾಸ್ತಿ ಓಡಿಸೋದು. 6ರಲ್ಲೇ ಇರ್ತೀನಿ. ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಪೂರ್ತಿ ಹೊಸ ವೈರು, ಹೆಡ್‌ಲೈಟಿಗೆ ಬೇರೆ ಅರ್ತ್. ವೈರು ಎಷ್ಟು ದಪ್ಪ ಇರಲಿ?

ತಾಮ್ರತಂತಿ:
ಬ್ಯಾಟರಿ, ಅಮ್ಮೀಟರ್, ಡೈನಮೊದ ಡಿ, ಹೆಡ್‌ಲೈಟ್ ಮತ್ತು ಅದರ ಅರ್ತಿಗೆ 2 ಚದರ ಮಿಲಿಮೀಟರ್. ಉಳಿದದ್ದಕ್ಕೆ 1 ಸಾಕು. ನಿಮ್ಮದು ಪಾಸಿಟಿವ್ ಅರ್ತ್, ಹಾಗಾಗಿ ಫ್ಯೂಸ್ ಬ್ಯಾಟರಿಯ ಮೈನಸ್ ವೈರಿನಲ್ಲಿ, ಟರ್ಮಿನಲ್ಲಿಗೆ ಹತ್ತಿರದಲ್ಲೇ ಬರಲಿ. 15 ಆಂಪಿಯರ್ ಹಾಕಿ. ತುದಿಗಳನ್ನು ಒಳ್ಳೆ ಇಕ್ಕಳದಲ್ಲಿ ಕ್ರಿಂಪ್ ಮಾಡಿ. ಬರೀ ಬೆಸುಗೆ ಹಾಕಿದರೆ ಅದು ಮುಗಿಯುವ ಜಾಗದಲ್ಲಿ ವೈರು ಬಿರುಸಾಗುತ್ತದೆ, ಇಂಜಿನ್ ನಡುಕಕ್ಕೆ ಅಲ್ಲೇ ತುಂಡಾಗುತ್ತದೆ.

ಗ್ರೀಸ್‌ಗನ್:
ಟ್ಯಾಂಕ್ ಕೂರಿಸುವ ಮುಂಚೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ವೈರು ಎಲ್ಲೂ ಬಿಗಿಯಬಾರದು, ಫೋರ್ಕಿನ ಸ್ಟಾಪರಿಗೆ ಸಿಕ್ಕಬಾರದು. ಆಮೇಲೆ ಕಟ್ಟಿ.