‘ಪುಲ್ ಔಟ್ ಆಲ್ ದಿ ಸ್ಟಾಪ್ಸ್’ ಅಂದ್ರೆ ಏನನ್ನ ಎಳೆಯೋದು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಲಂಡನ್‌ನಿಂದ ಕ್ಲೈಂಟ್ ಬರ್ತಿದಾರೆ ಅಂತ ನಮ್ಮ ಮ್ಯಾನೇಜರ್ ಟೀಮಿಗೆಲ್ಲ ಒಂದು ಮೇಲ್ ಹಾಕಿದಾರೆ, ಅದರಲ್ಲಿ ‘ವಿ ನೀಡ್ ಟು ಪುಲ್ ಔಟ್ ಆಲ್ ದಿ ಸ್ಟಾಪ್ಸ್’ ಅಂತ ಒಂದು ಸಾಲು. ನಮ್ಮಲ್ಲೇ ಇದಕ್ಕೆ ಎರಡು ಅರ್ಥ ಓಡಾಡ್ತಿದೆ. ಬೇರೆ ಕೆಲಸ ಎಲ್ಲ ಸ್ಟಾಪ್ ಮಾಡಿ ಇದನ್ನೇ ಹಿಡ್ಕೊಳಿ ಅಂತ ಒಬ್ರು, ದಾರಿಲಿರೋ ಅಡ್ಡಿ ಎಲ್ಲ ಕಿತ್ತು ಹಾಕಿ ಅಂತ ಇನ್ನೊಬ್ರು. ಡಿಕ್ಷನರಿಲಿ ಸಾಧ್ಯ ಇರೋ ಪ್ರಯತ್ನ ಎಲ್ಲ ಮಾಡೋದು ಅಂತಿದೆ, ಸರಿ, ಆದ್ರೆ ಪ್ರಯತ್ನದ ಮಾತಿಗೆ ಈ ‘ಸ್ಟಾಪ್’ ಎಲ್ಲಿಂದ ಬಂತು? ಮತ್ತೆ ಇದನ್ನ ಯಾವಾಗ ಹೇಳಬಹುದು, ಯಾವಾಗ ಹೇಳಿದ್ರೆ ಹೊಂದಲ್ಲ, ‘ಎಕ್ಸ್‌ಟ್ರಾ ಮೈಲ್’ ಅಂತಾರಲ್ಲ ಅದೂ ಇದೂ ಒಂದೇನಾ? ಕನ್ನಡದಲ್ಲಿ ಇದಕ್ಕೆ ಸರಿಯಾಗಿ ಕೂರೋ ಮಾತೂ ಬೇಕು ನನಗೆ, ಕನ್ನಡದಲ್ಲಿ ಕೂತ ಮೇಲೇ ಅದು ತಲೇಲಿ ಉಳಿಯೋದು.

ಪೇಟಿ ಮಾಸ್ತರ:
ಸರ, ಪೇಟಿ ಬಾರಿಸೋರಿಗೆ ಇದು ಲಗೂನ ತಿಳಿತೈತಿ. ಹಾರ್ಮೋನಿಯಂ ಮುಂದ ಸಾಲಾಗಿ ಹಿಡಿಕಿ ಇರ್ತಾವಲ್ರಿ, ಅವಕ್ಕನ ಸ್ಟಾಪ್ ಅನ್ನೋದು. ಹೆಸರು ಸ್ಟಾಪ್ ಅಂತ ಇದ್ರೂ ಜಗ್ಗಿದ್ರ ನಿಲ್ಲಂಗಿಲ್ಲ, ಜಗ್ಗಿದ್ರನ ಗಾಳಿಗೆ ದಾರಿ ತೆರಿತೈತಿ, ರೀಡಿಗೆ, ಅಂದ್ರ ಒಳಗಿನ ತೆಳ್ಳನ ಹಿತ್ತಾಳಿ ಪಟ್ಟಿಗೆ, ಗಾಳಿ ಹೊಕ್ಕು ದನಿ ಬರ್ತೈತಿ. ಒಳಗ ತಳ್ಳಿದ್ರ ಗಾಳಿ ಬಂದ್. ಕೆಲವು ಬರೇ ಶ್ರುತಿಗಂತ ಇರ್ತಾವ, ಅದನ್ನ ಜಗ್ಗಿ ತಿದಿ ಒತ್ತಿದ್ರ ಕೀ ಮುಟ್ಟದನ ಒಂದ ಸ್ವರ ಗುಂಯ್ ಅಂತ ನಿಂತ ಬಿಡ್ತೈತಿ. ಎರಡು ಸಾಲು ರೀಡಿನ ಪೇಟಿ ಇದ್ದು ಖರ್ಜದ (ಕೆಳಗಿನ ದಪ್ಪ ದನಿಯ) ರೀಡೂ ಬಿಟ್ರ ಅದರ ತುಂಬಿದ ದನಿನ ಬ್ಯಾರೆ.

ಇಂಗ್ಲಿಷಿನ ಮಾತು ಬಂದಿದ್ದು ಚರ್ಚಿನ ಪೈಪ್ ಆರ್ಗನ್ನಿಂದ. ಪೇಟಿ ಅದರ ಸಂಬಂಧಿಕನ, ಪ್ಯಾರಿಸ್‌ನ ಡೆಬೈನ್ ಅನ್ನಾವ 1840ರ ದಶಕದಾಗ ಹಾರ್ಮೋನಿಯಂ ಅಂತ ಹೆಸರಿಟ್ಟು ಪೇಟೆಂಟ್ ಮಾಡಿಸಿದ್ದು, ಆಮ್ಯಾಲೆ ಕಲ್ಕತ್ತಾದಾಗ ದ್ವಾರಕಾನಾಥ ಘೋಷ್ ಅವರು ಕೈಲೆ ತಿದಿ ಒತ್ತೋಹಂಗ ನಮ್ಮ ನೆಲಕ್ಕ ಒಗ್ಗಿಸಿದ್ರು. ದೊಡ್ಡ ಆರ್ಗನ್ನಿನಾಗ ಸಾವಿರಾರು ಪೈಪ್ ಇರ್ತಾವ್ರಿ. ಕೊಳಲಿನಂಥ ದನಿದು ಒಂದು ಸಾಲು, ಕಹಳೆಯಂಥದ್ದು ಒಂದು ಸಾಲು, ಹಿಂಗ ಸಾಲಿಗೊಂದು ಸ್ಟಾಪ್. ಎಲ್ಲಾ ಜಗ್ಗಿದ್ರ ಆರ್ಗನ್ ತನ್ನ ಪೂರಾ ಶಕ್ತಿಲೆ ನುಡಿತೈತಿ. ಮಾತಿನ ಅರ್ಥ ಅಷ್ಟ, ಏನೂ ಹಿಡಿದು ಇಟ್ಕೊಳ್ಳಲಾರದ ಮಾಡೋದು. ನಮ್ಮ ಕಂಪನಿ ನಾಟಕದಾಗ ಮೈಕ್ ಇಲ್ಲದ ಕಾಲಕ್ಕ ಲೆಗ್ ಹಾರ್ಮೋನಿಯಂ ಇಟ್ಕೊಂಡು, ಕಾಲಿಂದ ತಿದಿ ಒತ್ತಿ, ಎರಡೂ ಕೈಲೆ ಬಾರಿಸಿ ಹಿಂದಿನ ಸಾಲಿನ ತನಕ ರಂಗಗೀತೆ ಮುಟ್ಟಿಸ್ತಿದ್ರಲ್ರಿ, ಅದನ್ನ ಕೇಳಿದಾವಗ ಡಿಕ್ಷನರಿನ ಬ್ಯಾಡ.

ವ್ಯಾಕರಣ ಪ್ರೇಮಿ:
ಮಾಸ್ತರು ಹೇಳಿದ್ಮೇಲೆ ಮೂಲದ ಬಗ್ಗೆ ಹೇಳೋಕೆ ಜಾಸ್ತಿ ಉಳಿದಿಲ್ಲ, ಒಂದೇ ಒಂದು ಸೇರಿಸ್ತೀನಿ. ಇದನ್ನ ಆಡುಮಾತಿನ ರೂಪಕವಾಗಿ ಬಳಸಿದ ಹಳೇ ಉದಾಹರಣೆ ಅಂತ ಸಾಮಾನ್ಯವಾಗಿ ತೋರಿಸೋದು ಇಂಗ್ಲಿಷ್ ಕವಿ, ವಿಮರ್ಶಕ ಮ್ಯಾಥ್ಯೂ ಆರ್ನಲ್ಡ್ 1865ರಲ್ಲಿ ತನ್ನ ಪ್ರಬಂಧ ಸಂಗ್ರಹದ ಮುನ್ನುಡಿಲಿ ಬರೆದ ಮಾತನ್ನ. ಆಧುನಿಕ ಇಂಗ್ಲಿಷಿನವನು ಶಕ್ತಿ ಇದ್ರೂ ನಾದದ ಹರವು ಕಮ್ಮಿ ಇರೋ ಆರ್ಗನ್, ಅದರಲ್ಲಿ ಇನ್ನೊಂದಷ್ಟು ಸ್ಟಾಪ್ ಎಳೆಯೋಕೆ ಹೋದ್ರೆ ಯಾರಿಗೂ ಇಷ್ಟ ಆಗಲ್ಲ ಅನ್ನೋ ಅರ್ಥದಲ್ಲಿ. ಗಮನಿಸಿ, ಅಲ್ಲಿ ‘ಎಲ್ಲಾ’ ಇಲ್ಲ, ‘ಇನ್ನೊಂದಷ್ಟು’ ಇದೆ, ಅವನ ತಕರಾರು ಸದ್ದು ಸಾಲದು ಅಂತಲ್ಲ, ಬೇರೆ ಬೇರೆ ಸ್ವರ ಹೊರಡ್ತಿಲ್ಲ ಅಂತ. ಎಲ್ಲಾ ಸ್ಟಾಪ್ ಎಳೆದು ಪೂರಾ ಬಲ ಹಾಕೋದು ಅನ್ನೋ ಅರ್ಥ ಆಮೇಲೆ ಗಟ್ಟಿಯಾಯ್ತು.

ಬಳಕೆ ವಿಷಯಕ್ಕೆ ಬಂದ್ರೆ, ಇದು ದಿನನಿತ್ಯದ ಶ್ರಮಕ್ಕೆ ಹೇಳೋ ಮಾತಲ್ಲ. ಒಂದು ಸಂದರ್ಭ ಇರಬೇಕು, ಒಂದು ಗಡುವೋ ಗುರಿಯೋ ಇರಬೇಕು, ಅದಕ್ಕೋಸ್ಕರ ಕೈಲಿರೋದನ್ನೆಲ್ಲ ಒಟ್ಟಿಗೆ ಹೂಡಿರಬೇಕು. 1970ರ ಏಪ್ರಿಲ್‌ನಲ್ಲಿ ಅಪೊಲೊ 13 ನೌಕೆಲಿ ಆಕ್ಸಿಜನ್ ಟ್ಯಾಂಕ್ ಸಿಡಿದಾಗ ಮೂರು ಜನ ಗಗನಯಾತ್ರಿಗಳನ್ನ ವಾಪಸ್ ಕರ್ಕೊಂಡು ಬರೋಕೆ ಹ್ಯೂಸ್ಟನ್‌ನ ನಾಸಾ ನಿಯಂತ್ರಣ ಕೇಂದ್ರದವರು ಪಟ್ಟ ಪಾಡು ಈ ಥರದ್ದು. ಒಳಗಿನ ಗಾಳಿ ಶುದ್ಧ ಮಾಡೋ ಚೌಕದ ಡಬ್ಬಿ ದುಂಡನೆ ಜಾಗಕ್ಕೆ ಕೂರಲ್ಲ, ಆವಾಗ ನೌಕೆಲಿ ಇದ್ದ ಪ್ಲಾಸ್ಟಿಕ್ ಚೀಲ, ರಟ್ಟು, ಟೇಪು, ಪೈಪು ಇಷ್ಟರಲ್ಲೇ ಜೋಡಿಸೋದು ಹೇಗೆ ಅಂತ ಇವರು ನೆಲದ ಮೇಲೆ ಮಾಡಿ ನೋಡಿ ರೇಡಿಯೋಲಿ ಒಂದೊಂದೇ ಹೆಜ್ಜೆ ಹೇಳಿಕೊಟ್ರು. ‘ದೇ ಪುಲ್ಡ್ ಔಟ್ ಆಲ್ ದಿ ಸ್ಟಾಪ್ಸ್ ಟು ಬ್ರಿಂಗ್ ದೆಮ್ ಹೋಮ್’ ಅಂದ್ರೆ ಅಲ್ಲಿ ಆ ಮಾತಿಗೆ ತೂಕ ಇದೆ. ಅದೇ ಪ್ರತಿ ಸೋಮವಾರದ ರಿಪೋರ್ಟ್ ಕಳಿಸೋಕೆ ಹೀಗಂದ್ರೆ ತೂಕ ಹೋಗುತ್ತೆ.

ಇನ್ನೊಂದು, ‘ಆಲ್ ದಿ ಸ್ಟಾಪ್ಸ್’ ಬಿಟ್ಟು ಬರೀ ‘ಪುಲ್ ಔಟ್’ ಅಂದ್ರೆ ಹಿಂದೆ ಸರಿಯೋದು, ಸ್ಪಾನ್ಸರ್ ಪುಲ್ಡ್ ಔಟ್ ಅಂತ ಓದಿರ್ತೀರಿ. ಅರ್ಥ ಪೂರ್ತಿ ಉಲ್ಟಾ, ಆದ್ರಿಂದ ಅರ್ಧಕ್ಕೆ ನಿಲ್ಲಿಸಬೇಡಿ.

ರೆಡಿಂಗ್ ಕನ್ನಡತಿ:
ನಾನಿರೋದು ಇಂಗ್ಲೆಂಡಲ್ಲಿ. ಇಲ್ಲಿ ಈ ಮಾತು ನನ್ನ ಕಿವಿಗೆ ಹೆಚ್ಚು ಬೀಳೋದು ಮದುವೆ, ಬರ್ತ್‌ಡೇ, ಕ್ರಿಸ್ಮಸ್ ಊಟ ಇಂಥ ಕಡೆ. ಅತಿಥಿಗಳು ಒಳಗೆ ಬಂದು ಟೇಬಲ್ ನೋಡಿ ‘ಓ ಯು ಹ್ಯಾವ್ ರಿಯಲಿ ಪುಲ್ಡ್ ಔಟ್ ಆಲ್ ದಿ ಸ್ಟಾಪ್ಸ್’ ಅಂತಾರೆ, ಅದು ಮೆಚ್ಚುಗೆ. ಇನ್ನೊಬ್ಬರ ಶ್ರಮ ಗುರುತಿಸಿ ಹೇಳಿದಾಗ ತುಂಬಾ ಚೆನ್ನಾಗಿರುತ್ತೆ, ನಾವೇ ನಮ್ಮ ಬಗ್ಗೆ ಹೇಳ್ಕೊಂಡ್ರೆ ಸ್ವಲ್ಪ ಜಂಬ ಅನ್ಸುತ್ತೆ. ನಿಮ್ಮ ಮ್ಯಾನೇಜರ್ ಥರ ಮುಂದೆ ಆಗಬೇಕಾದ ಕೆಲಸಕ್ಕೆ ಟೀಮನ್ನ ಹುರಿದುಂಬಿಸೋಕೆ ಹೇಳೋದು ಓಕೆ, ನ್ಯೂಸಲ್ಲೂ ಹಾಗೆ ಬರುತ್ತೆ.

ಎಕ್ಸ್‌ಟ್ರಾ ಮೈಲ್ ಬೇರೆ. ಅದು ಬೈಬಲ್‌ನ ಮತ್ತಾಯನ ಸುವಾರ್ತೆ 5ನೇ ಅಧ್ಯಾಯದ 41ನೇ ವಚನದಿಂದ ಬಂದಿದ್ದು. ಒಂದು ಮೈಲಿ ಬಾ ಅಂತ ಯಾರಾದ್ರೂ ಬಲವಂತ ಮಾಡಿದ್ರೆ ಅವರ ಜೊತೆ ಎರಡು ಮೈಲಿ ಹೋಗು ಅಂತ. ರೋಮನ್ ಸೈನಿಕರು ಆಗ ಊರಿನವರನ್ನ ಹಿಡಿದು ಹೊರೆ ಹೊರಿಸ್ತಿದ್ರು, ಅದು ಹಿನ್ನೆಲೆ. ಹಾಗಾಗಿ ಅಲ್ಲಿ ಮುಖ್ಯ ಆಗೋದು ಕೊಡಬೇಕಾದ್ದಕ್ಕಿಂತ ಜಾಸ್ತಿ, ಮನಸಾರೆ ಕೊಡೋದು. ಬ್ಯಾಂಕಲ್ಲಿ ಕ್ಲರ್ಕ್ ಎದ್ದು ಬಂದು ವಯಸ್ಸಾದ ಅಜ್ಜಿಗೆ ಫಾರ್ಮ್ ತುಂಬಿಕೊಟ್ರೆ ಅದು ಎಕ್ಸ್‌ಟ್ರಾ ಮೈಲ್, ಅಲ್ಲಿ ಸ್ಟಾಪ್ಸ್ ಮಾತು ಬರಲ್ಲ. ಒಬ್ಬರನ್ನ ಮೆಚ್ಚಿಸೋಕೆ, ಅವರಿಗೆ ಅನುಕೂಲ ಮಾಡಿಕೊಡೋಕೆ ಒದ್ದಾಡಿದ್ರೆ ‘ಬೆಂಡ್ ಓವರ್ ಬ್ಯಾಕ್‌ವರ್ಡ್ಸ್’.

ತುಂಗಾತೀರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಮಾಸ್ತರು ಹೇಳಿದ ಮೇಲೆ ಚಿತ್ರ ಕಣ್ಣಿಗೆ ಕಟ್ಟಿತು. ಕನ್ನಡದ ಮಾತು ಮಾತ್ರ ಬಾಕಿ ಉಳಿದಿದೆ. ಟೊಂಕ ಕಟ್ಟಿ ನಿಲ್ಲೋದು ಅಂದ್ರೆ ಆಗುತ್ತಾ?

ಒಗ್ಗರಣೆ:
ಟೊಂಕ ಕಟ್ಟೋದು ಕೆಲಸಕ್ಕೆ ಇಳಿಯೋ ಮೊದಲಿನ ಸಂಕಲ್ಪ, ಕಟ್ಟಿ ಆಮೇಲೆ ಏನು ಮಾಡಿದ್ರು ಅಂತ ಅದು ಹೇಳಲ್ಲ. ಶತಾಯಗತಾಯ ಅಂದ್ರೆ ಹಟ ಜಾಸ್ತಿ, ಚುನಾವಣೆ ಸುದ್ದಿಗೆ ಸರಿ, ಊಟದ ಮನೆಗೆ ಹೊಂದಲ್ಲ. ನನಗೆ ಹತ್ತಿರ ಅನ್ಸೋದು ‘ಇದ್ದಬದ್ದ ಶಕ್ತಿಯೆಲ್ಲ ಹಾಕಿ’. ಪೇಪರ್ ಭಾಷೆಲಿ ಬೇಕಾದ್ರೆ ‘ಇನ್ನಿಲ್ಲದ ಪ್ರಯತ್ನ’. ಮದುವೆ, ಗೃಹಪ್ರವೇಶದ ವಿಷಯ ಆದ್ರೆ ‘ಯಾವುದಕ್ಕೂ ಕಮ್ಮಿ ಮಾಡಿಲ್ಲ’ ಅಂತೀವಲ್ಲ, ರೆಡಿಂಗ್ ಅಕ್ಕ ಹೇಳಿದ ಮೆಚ್ಚುಗೆಗೆ ಅದು ಸರಿಯಾಗಿ ಕೂರುತ್ತೆ, ನಮ್ಮ ಕಡೆ ಊಟ ಮಾಡಿ ಕೈ ತೊಳೆಯುವಾಗ ಹಿರಿಯರು ಹೇಳೋದೂ ಅದನ್ನೇ. ಒಂದೇ ಮಾತಲ್ಲಿ ಎಲ್ಲಾ ಕಡೆಗೂ ಆಗೋದನ್ನ ಹುಡುಕಬೇಡಿ, ಸಂದರ್ಭ ನೋಡಿ ಆರಿಸ್ಕೊಳಿ. ನಿಮ್ಮ ಮ್ಯಾನೇಜರ್ ಮೇಲ್‌ಗೆ ಮೊದಲನೇದೇ ಸರಿ.

ವ್ಯಾಕರಣ ಪ್ರೇಮಿ:
ಒಗ್ಗರಣೆ ಅವರ ಮಾತು ಒಪ್ಪಿದೆ. ತುಂಗಾತೀರ, ಉತ್ತರ ಬರೆಯುವಾಗ ‘ಪುಲ್ ಅಪ್ ಅವರ್ ಸಾಕ್ಸ್’ ಅಂತ ಮಾತ್ರ ಹಾಕಬೇಡಿ. ಅದೂ ಪ್ರಯತ್ನದ ಮಾತೇ, ಸ್ಕೂಲಲ್ಲಿ ಎಲ್ಲರೂ ಕೇಳಿರ್ತೀವಿ, ಆದ್ರೆ ಇಲ್ಲಿವರೆಗೆ ಕೆಲಸ ಸಾಲದು, ಇನ್ಮೇಲಾದ್ರೂ ಸುಧಾರಿಸ್ಕೊಳಿ ಅನ್ನೋ ಗದರಿಕೆ ಅದರೊಳಗೇ ಇದೆ.